ಅಮ್ಮ ಬರುವ ಮೊದಲು ಕಾರು ಏಳಲಿ

ತಮ್ಮಾ,

ಬಸ್ಸಿಗೆ ಹೊತ್ತಾಯಿತು. ನಿನ್ನನ್ನು ಎಬ್ಬಿಸಿದರೆ ಜಗಳವಾಗುತ್ತದೆಂದು ಬರೆದಿಡುತ್ತಿದ್ದೇನೆ.

ನಾಳೆ ಸಂಜೆ ಅಮ್ಮನನ್ನು ಆಸ್ಪತ್ರೆಯಿಂದ ಕರೆತರಬೇಕು. ಮೊಣಕಾಲಿನ ಆಪರೇಷನ್ ಆದವಳು ತಗ್ಗಾದ ಸೀಟಿನಲ್ಲಿ ಕೂರಬಾರದೆಂದು ಡಾಕ್ಟರು ನಿನ್ನೆದುರಿಗೇ ಹೇಳಿದರು. ನೀನು ತಲೆಯಾಡಿಸಿದೆ; ಮನೆಗೆ ಬಂದು, ಚೆನ್ನಾಗಿದ್ದ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿ ನೆಲಕ್ಕೆ ಕೂರಿಸಿದೆ! "ಎರಡೇ ಇಂಚು ಕಣೇ ಅಕ್ಕಾ, ಏನು ಲುಕ್ ಗೊತ್ತಾ?" ಎಂದೆಯಲ್ಲ, ಆ ಎರಡಿಂಚನ್ನು ಏರಿ ಬರಬೇಕಾದದ್ದು ಅಮ್ಮನ ಕಾಲು. ಗೇಟಿನ ದಿಣ್ಣೆಗೆ ಕಾರಿನ ಹೊಟ್ಟೆ ಆಗಲೇ ಉಜ್ಜಿದೆ. ಮೂಗಿಗಿಂತ ಮೂಗುತಿ ಭಾರ.

ಎದ್ದ ತಕ್ಷಣ ಹಳೆಯ ಸ್ಪ್ರಿಂಗುಗಳನ್ನು ಮರಳಿ ಹಾಕಿಸು. ಹಿಂಬಾಗಿಲ ಬಳಿ ಅವನ್ನು ಹೂಕುಂಡಗಳಿಗೆ ಪೀಠ ಮಾಡಿದ್ದೀಯ. ಕುಂಡಗಳ ಕೆಳಗೆ ಇಟ್ಟಿಗೆ ಇಡು, ಅಮ್ಮನ ಗುಲಾಬಿ ಮುರಿದೀಯೆ, ಜೋಕೆ. ಒಬ್ಬನೇ ಬಿಚ್ಚುವ ಶೂರತನ ಬೇಡ. ಸ್ಪ್ರಿಂಗ್ ಚಿಮ್ಮಿದರೆ ಅಮ್ಮನ ಪಕ್ಕದ ಹಾಸಿಗೆ ನಿನಗೇ. ಮೂಲೆಯ ಗ್ಯಾರೇಜಿನವರಿಗೆ ಹೇಳಿದ್ದೇನೆ. ಅವರು ನಕ್ಕರು, ನಾನು ನಗಲಿಲ್ಲ.

ನಿನ್ನೆ ಅಮ್ಮನಿಗೆ ಕಾರಿನ ಫೋಟೋ ತೋರಿಸಿದೆ. "ಪಾಪ, ಅದಕ್ಕೂ ಮಂಡಿನೋವಾ? ಇರಲಿ ಬಿಡೇ, ಅವನಿಗೆ ಬೈಬೇಡ, ನಾನು ಟ್ಯಾಕ್ಸೀಲಿ ಬರ್ತೀನಿ" ಎಂದಳು. ಅದಕ್ಕೇ ಇಷ್ಟು ಬೈಯುತ್ತಿದ್ದೇನೆ.

ಗಿಡ್ಡ ಸ್ಪ್ರಿಂಗುಗಳನ್ನು ಎಸೆಯಬೇಡ. ನನ್ನ ಮಂಚದ ಕೆಳಗಿಡು. ಆ ಮಂಚ ಹೇಗೂ ವರ್ಷವೆಲ್ಲ ಖಾಲಿ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಬೀದಿಯ ಕೊನೆಯವರೆಗೆ ನಡೆದ ದಿನ ತಿಳಿಸು. ಎಲ್ಲಿದ್ದರೂ ಬಂದು, ಅವನ್ನು ಮತ್ತೆ ಕಾರಿಗೆ ಹಾಕಲು ನಾನೇ ಜಾಕ್ ಏರಿಸುತ್ತೇನೆ.

ಅಕ್ಕ