ನಿಮ್ಮಪ್ಪನ ಹಿಂದಿನ ಸೀಟು

ಯಾದವಗಿರಿ, ಮೈಸೂರು
೧೨ ಅಕ್ಟೋಬರ್ ೨೦೨೫, ಭಾನುವಾರ

ಚಿ. ಗಾರ್ಗಿಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಅಭ್ಯಾಸಬಲದಿಂದ ‘ಚಿ. ಸೌ.’ ಎಂದು ಬರೆಯಹೊರಟೆ. ‘ಸೌ’ ಬರೆಯುವಾಗ ಪೆನ್ನು ನಿಂತಿತು. ಡೈವೋರ್ಸ್ ಆದ ಮಗಳಿಗೆ ಕಾಗದದ ತಲೆಯಲ್ಲಿ ಏನು ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಬರೀ ‘ಚಿ.’ ಸಾಕು ಅಂದುಕೊಂಡೆ. ಚಿರಂಜೀವಿಯಾಗಿರು, ಅಷ್ಟಕ್ಕೆ ಕೋರ್ಟಿನ ಅಡ್ಡಿಯೇನೂ ಇರಲಾರದು.

ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ದಸರಾ ಮುಗಿಯುವತನಕ ಮನೆತುಂಬ ಜನ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಹಾಕಿದರೆ ಎರಡು ನೀಲಿ ಗೆರೆ ಬಂದು ಅಲ್ಲಿಗೆ ಮುಗಿಯಿತು. ಕಾಗದವನ್ನು ಮಾತ್ರ ಓದದೆ ಎಸೆಯುವಷ್ಟು ಗಟ್ಟಿತನ ನಿನಗಿಲ್ಲ. ಧಾರವಾಡದ ಹವೆ ಹಿಡಿಸಿದೆಯೇ? ಕಾಲೇಜಿನ ಹುಡುಗರು ನಿನ್ನ ಪಾಠ ಕೇಳುತ್ತಾರೆಯೇ? ಮನೆಯವರು ಯಾರೂ ಕೇಳದ ಮಾತನ್ನು ಅವರಾದರೂ ಕೇಳಲಿ.

ಗಣೇಶನ ಹಬ್ಬದ ಮಾರನೆಯ ದಿನ ನೀನು ನಿಮ್ಮಪ್ಪನ ಫೋನಿಗೆ ಹಾಕಿದ ಮೆಸೇಜು ನೋಡಿದ್ದಾಯಿತು. ‘ಅಪ್ಪ, ಡಿಸೆಂಬರ್ ಬೈಕ್ ಟ್ರಿಪ್ಪಿಗೆ ನಾನೂ ಬರಲಾ? ನಿನ್ನ ಹಿಂದೆ ಜಾಗ ಇದೆಯಾ?’ ಅವರ ಕಣ್ಣಿಗೂ ದಪ್ಪ ಬೆರಳಿಗೂ ಆ ಪುಟ್ಟ ಅಕ್ಷರಗಳು ಹತ್ತುವುದಿಲ್ಲ. ಬಂದದ್ದನ್ನು ಓದಿ ಹೇಳುವವಳೂ ನಾನೇ, ಉತ್ತರ ಒತ್ತುವವಳೂ ನಾನೇ, ಇದು ನಿನಗೆ ಗೊತ್ತಿದ್ದದ್ದೇ. ನಿಮ್ಮಪ್ಪ ಏನೂ ಹೇಳಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಜಾಗ ಇಲ್ಲ ಕಣೆ.

ಸುಮ್ಮನೆ ಇಲ್ಲ ಎಂದರೆ ನೀನು ನಂಬುವವಳಲ್ಲ, ವಿವರವಾಗಿಯೇ ಹೇಳುತ್ತೇನೆ. ಈ ಸಲದ ದಾರಿ ನೀನೇ ಹಿಂದೆ ನಿನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ನಕ್ಷೆಯದು. ನಿನ್ನ ತಮ್ಮ ವಸಿಷ್ಠ ಅದನ್ನು ಕಿತ್ತುಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ, ಕೋತಗಿರಿ, ಅಲ್ಲಿಂದ ಇಳಿದು ಪೊಳ್ಳಾಚಿ, ಕೊನೆಗೆ ವಾಲ್ಪಾರೈ ಘಾಟಿ. ಕೆಂಪು ಪೆನ್ನಿನಲ್ಲಿ ನೀನು ಗುರುತು ಹಾಕಿದ್ದ ತಿರುವುಗಳೆಲ್ಲ ಹಾಗೇ ಇದ್ದವು. ವಸಿಷ್ಠನೂ ಅವನ ಹೆಂಡತಿ ಮೈತ್ರೇಯಿಯೂ ಅವರ ಹೊಸ ಗಾಡಿಯಲ್ಲಿ. ನಿನ್ನ ಸೋದರಮಾವ ಸುಂದರೇಶಣ್ಣ ಯಾವತ್ತಿನಂತೆ ಹಿಂದಿನಿಂದ ಕಾರಿನಲ್ಲಿ, ಬ್ಯಾಗುಗಳ ಜೊತೆ. ಬುಲೆಟ್ಟಿನಲ್ಲಿ ಅಭಿರಾಮ ಮತ್ತು ಶಾಲಿನಿ.

ಹೌದು, ಅಭಿರಾಮನೇ. ಶಾಲಿನಿ ಅವನ ಹೊಸ ಹೆಂಡತಿ. ಮದುವೆ ಶ್ರಾವಣದಲ್ಲಾಯಿತು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. ಮುಖ ಸಿಂಡರಿಸಬೇಡ. ಅವನು ನಿನಗೆ ಬಿಟ್ಟ ಗಂಡ, ನನಗೆ ಅಣ್ಣನ ಮಗ. ಸೋದರಮಾವನ ಮಗನನ್ನೇ ಮದುವೆಯಾಗಿ ಬಿಟ್ಟುಬಂದರೆ ಹೀಗೇ ಆಗುವುದು. ಹೊರಗಿನವನಾಗಿದ್ದರೆ ಬಾಗಿಲು ಹಾಕಿಬಿಡಬಹುದಿತ್ತು. ಇವನು ಹಬ್ಬಕ್ಕೂ ಬರುತ್ತಾನೆ, ತಿಥಿಗೂ ಬರುತ್ತಾನೆ, ಅಡಿಗೆಮನೆಗೇ ನುಗ್ಗಿ “ಅತ್ತೆ, ಕಾಫಿ” ಎನ್ನುತ್ತಾನೆ. ನೀನು ಜಡ್ಜಿನ ಮುಂದೆ ನಿಂತು ಅವನನ್ನು ಬಿಟ್ಟೆ. ನಾನು ಯಾವ ಜಡ್ಜಿನ ಮುಂದೆ ನಿಲ್ಲಲಿ?

ಅವನನ್ನು ಟ್ರಿಪ್ಪಿಗೆ ಕರೆಸಿದ್ದೂ ನಾನೇ. ವಸಿಷ್ಠ ಸ್ವಲ್ಪ ಕೊಸರಾಡಿದ. “ಅಮ್ಮ, ಅಕ್ಕ ಬರೋ ಹಾಗಿದ್ರೆ?” ಎಂದ. “ಅವಳೆಲ್ಲಿ ಬರ್ತಾಳೋ, ಕರೆದ್ಬುಡು ಅವನನ್ನ” ಎಂದೆ.

ಅಭಿರಾಮ ಈಗ ನಗುತ್ತಾನೆ ಕಣೆ. ನಾಲ್ಕು ವರ್ಷ ನಿನ್ನ ಜೊತೆ ಇದ್ದಾಗ ನಮ್ಮ ಮನೆಯಲ್ಲಿ ಅವನ ಹಲ್ಲು ಯಾರಿಗೂ ಕಂಡಿರಲಿಲ್ಲ. ನೀನು ಗಾಡಿ ಓಡಿಸುವುದು ಅವನಿಗೆ ಸೇರುತ್ತಿರಲಿಲ್ಲ, ಘಾಟಿಯಲ್ಲಿ ನೀನು ಅವನನ್ನು ಹಿಂದೆ ಹಾಕಿದರೆ ಎರಡು ದಿನ ಊಟ ಬಿಡುತ್ತಿದ್ದ. ಶಾಲಿನಿಗೆ ಸೈಕಲ್ಲೂ ಬರುವುದಿಲ್ಲ. ಹಿಂದೆ ಕೂತು ಅವನ ಸೊಂಟ ಹಿಡಿದುಕೊಂಡು “ಮೆಲ್ಲಗೆ ರೀ” ಎನ್ನುತ್ತಾಳೆ, ಅಷ್ಟೇ. ಒಬ್ಬ ಗಂಡಸಿಗೆ ಬೇಕಾದದ್ದು ಎಷ್ಟು ಕಡಿಮೆ ಅಂತ ನನಗೂ ಈಗಲೇ ಗೊತ್ತಾದದ್ದು. ನಿನಗೆ ಅಷ್ಟೂ ಆಗಲಿಲ್ಲ.

ಒಳ್ಳೆಯ ಹುಡುಗಿ. ಕಡಕೊಳದ ಕಡೆಯವಳು, ಒಕ್ಕಲು ಮನೆತನ. ಹೊರಡುವ ದಿನ ಎಲ್ಲರೂ ಸೇರುವುದು ಅವಳ ತವರಿನಲ್ಲೇ. ಅವಳ ಅಮ್ಮ ಚಾಮುಂಡಮ್ಮ ಆಗಲೇ ಹೇಳಿಬಿಟ್ಟಿದ್ದಾರೆ, “ಎಲ್ರೂ ನಮ್ಮನೇಲೇ ತಿಂಡಿ ತಿಂದ್ಕಂಡು ಓಗಿ ಅಮ್ಮೋರೆ, ಒತ್ತಾರೆಗೇ ಇಡ್ಲಿ ಮಾಡ್ಬುಡ್ತೀನಿ.” ಅಮ್ಮ ಅವರ ಮನೆಯಲ್ಲಿ ತಿನ್ನುತ್ತಾಳಾ ಎಂದು ನೀನು ಹುಬ್ಬೇರಿಸುವುದು ಇಲ್ಲಿಗೇ ಕಾಣುತ್ತಿದೆ. ತಿನ್ನುತ್ತೇನೆ. ಅಭಿರಾಮನಿಗೆ ಸಂತೋಷವಾಗುತ್ತದೆ, ನಿನಗೆ ಹೊಟ್ಟೆ ಉರಿಯುತ್ತದೆ, ಇಡ್ಲಿ ಯಾಕೆ ಬಿಡಲಿ?

ನಿನ್ನ ರೈಡಿಂಗ್ ಜಾಕೆಟ್ ಅವಳಿಗೆ ಕೊಟ್ಟೆ. ಬೀರುವಿನಲ್ಲಿ ಸುಮ್ಮನೆ ಬೂಷ್ಟು ಹಿಡಿಯುತ್ತಿತ್ತು. ಭುಜ ಸ್ವಲ್ಪ ಅಗಲವಾಯಿತು, ದರ್ಜಿಗೆ ಕೊಟ್ಟು ಹಿಡಿಸಿದೆ. ಅವಳು ಪಾಪ ಹಿಂಜರಿದಳು. “ಅತ್ತೆ, ಅಕ್ಕಂಗೆ ಬೇಜಾರಾಗಲ್ವಾ, ಅವ್ರ ಜಾಕೆಟ್ ನಾನಾಕ್ಕಂಡ್ರೆ?” ಎಂದಳು. “ಅವಳ ಗಂಡನ್ನೇ ತಗೊಂಡಿದೀಯ, ಜಾಕೆಟ್ಟಿಗೇನಮ್ಮ” ಎಂದೆ. ಎಲ್ಲರೂ ನಕ್ಕರು. ನಿಮ್ಮಪ್ಪ ಮಾತ್ರ ಎದ್ದು ಪೋರ್ಟಿಕೋಗೆ ಹೋದರು. ಅವರಿಗೆ ತಮಾಷೆ ಎಂದೂ ಅರ್ಥವಾದದ್ದಿಲ್ಲ.

ಹೆಲ್ಮೆಟ್ಟನ್ನು ನಾನೇ ಇಟ್ಟುಕೊಂಡೆ. ಒಳಗಿನ ಸ್ಪಂಜಿನಲ್ಲಿ ನಿನ್ನದೊಂದು ಕೂದಲು ಸಿಕ್ಕಿಕೊಂಡಿತ್ತು. ತೆಗೆದು ಹಾಕಿ, ಬಿಸಿಲಿಗಿಟ್ಟೆ.

ನನಗೇಕೆ ಹೆಲ್ಮೆಟ್ಟು ಎಂದು ಕೇಳುತ್ತೀಯ. ಈ ಸಲ ನಿಮ್ಮಪ್ಪನ ಯೆಜ್ದಿಯ ಹಿಂದೆ ಕೂರುವವಳು ನಾನು.

ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಅದರಲ್ಲಿ ನಂಜನಗೂಡಿಗೆ ಕರೆದುಕೊಂಡು ಹೋಗಿದ್ದರು. ಆಗ ಅವರು ಇಲ್ಲೇ ಯಾದವಗಿರಿಯ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿದ್ದರು. ಬೆಟ್ಟ ಹತ್ತಿಸುತ್ತೇನೆ, ನೀಲಗಿರಿ ತೋರಿಸುತ್ತೇನೆ ಎಂದಿದ್ದರು. ಅಷ್ಟರಲ್ಲಿ ನೀನು ಹುಟ್ಟಿದೆ. ಮೊದಲು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತೆ, ಕಾಲು ಎಟುಕುವ ಹಾಗಾದ ಮೇಲೆ ಹಿಂದೆ ಕೂತೆ. ನಾನು ಗೇಟಿನ ಹತ್ತಿರ ನಿಂತು ಕೈ ಬೀಸಿದೆ, ನೀವು ವಾಪಸ್ಸು ಬರುವ ಹೊತ್ತಿಗೆ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟೆ. ಆಮೇಲೆ ಅಣ್ಣನ ಕಾರು ಬಂತು, ನನಗೂ ಬ್ಯಾಗುಗಳಿಗೂ ಬಡ್ತಿ ಸಿಕ್ಕಿತು. ನಮ್ಮ ಕಾರು ಬಂದು ಸೇರುವಾಗ ನೀವು ಟೀ ಕುಡಿದು ಲೋಟ ಕೆಳಗಿಟ್ಟಿರುತ್ತಿದ್ದಿರಿ. “ಅಯ್ಯೋ ಅಮ್ಮ, ಈಗ ತಾನೇ ಮಂಜು ಸರಿದೋಯ್ತು, ಏನ್ ಚೆನ್ನಾಗಿತ್ತು ಗೊತ್ತಾ” ಎನ್ನುತ್ತಿದ್ದೆ ನೀನು. ನೀಲಗಿರಿಯ ಚಳಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಿಮ್ಮಿಬ್ಬರ ಸ್ವೆಟರ್ ಒಗೆದು ಗೊತ್ತಾದದ್ದು.

ನೀನು ಸ್ವಂತ ಗಾಡಿ ಕೊಂಡಾಗ ಸೀಟು ಖಾಲಿಯಾಯಿತೆಂದು ಖುಷಿಪಟ್ಟೆ. ಅಷ್ಟು ಹೊತ್ತಿಗೆ ನನ್ನ ಮಂಡಿ ನೋವು, ನಿನ್ನ ಮದುವೆ, ನಿನ್ನ ಜಗಳ, ನಿನ್ನ ಕೋರ್ಟು. ಈಗ ನೀನು ಆ ಗಾಡಿ ಮಾರಿಕೊಂಡು ಧಾರವಾಡ ಸೇರಿದ್ದೀಯ. ನಿನ್ನ ಗಾಡಿ ಇಲ್ಲ ಎಂದ ಕೂಡಲೇ ಮತ್ತೆ ಅಪ್ಪನ ಹಿಂದೆ ಜಾಗ ಇದೆಯಾ ಅಂತ ಕೇಳುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ? ಗಂಡನನ್ನು ಬಿಟ್ಟವಳು ಬೇರೆಯವರ ಗಂಡನ ಹಿಂದಿನ ಸೀಟಿಗೆ ಕಣ್ಣು ಹಾಕಬಾರದು. ಅವರು ನಿನಗೆ ಅಪ್ಪ ಇರಬಹುದು. ನನಗೆ ಅವರು ಗಂಡ, ಮತ್ತು ಇನ್ನೆಷ್ಟು ಡಿಸೆಂಬರ್ ಅವರು ಗಾಡಿ ಓಡಿಸಿಯಾರು?

ಕಳೆದ ಸೋಮವಾರ ದಸರಾ ಗಲಾಟೆಯೆಲ್ಲ ಇಳಿದ ಮೇಲೆ ಮೂರು ಗಾಡಿಗಳನ್ನೂ ಚಾಮುಂಡಿ ಬೆಟ್ಟಕ್ಕೆ ಒಯ್ದು ಪೂಜೆ ಮಾಡಿಸಿದೆವು. ಹತ್ತುವಾಗ ನಾನು ಯೆಜ್ದಿಯ ಹಿಂದೆ. ಚೂಡಿದಾರ್ ಹೊಲಿಸಿಕೊಂಡಿದ್ದೇನೆ, ನಗಬೇಡ, ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿಕೊಂಡೇ ಕೂತಿದ್ದೆ. ನಂದಿಯ ಕಡೆ ತಿರುಗುವಲ್ಲಿ ಗಾಡಿ ಅಲುಗಾಡಿತು. ನಿಮ್ಮಪ್ಪ ನಿಲ್ಲಿಸಿದರು.

“ರಮಾ, ಗಾಡಿ ಈ ಕಡೆ ವಾಲಿದ್ರೆ ನೀನು ಆ ಕಡೆ ವಾಲ್ತೀಯ. ಹಂಗ್ಮಾಡಿದ್ರೆ ಹೆಂಗೆ ತಿರುಗಿಸ್ಲಿ ನಾನು?”

“ಬೀಳ್ತೀವೇನೋ ಅನ್ಸತ್ತೆ ಕಣ್ರೀ” ಎಂದೆ.

“ಗಾರ್ಗಿ ಕೂತ್ರೆ ಹಿಂದೆ ಯಾರಾದ್ರೂ ಇದಾರೆ ಅನ್ನೋದೇ ಗೊತ್ತಾಗಲ್ಲ” ಎಂದರು.

ಹಿಂದೆ ಒಬ್ಬರು ಕೂತಿರುವುದೇ ಗೊತ್ತಾಗದಿದ್ದರೆ ಅದೆಂಥ ಹೊಗಳಿಕೆಯೋ! ಅಷ್ಟು ಮಟ್ಟಿಗೆ ನಾನು ಈ ಮನೆಯಲ್ಲಿ ಬಹಳ ವರ್ಷ ಚೆನ್ನಾಗಿಯೇ ಹಿಂದೆ ಕೂತಿದ್ದೇನೆ, ಯಾರೂ ಹೊಗಳಲಿಲ್ಲ.

ಮೇಲೆ ಅರ್ಚಕರು ಚಕ್ರಕ್ಕೆ ನಿಂಬೆಹಣ್ಣು ಇಟ್ಟು, “ಗಾಡಿಯಲ್ಲಿ ಹೋಗೋರ ಹೆಸರು, ನಕ್ಷತ್ರ ಹೇಳಿ” ಎಂದರು. ನಿಮ್ಮಪ್ಪ “ವೆಂಕಟಸುಬ್ಬಯ್ಯ, ಅನೂರಾಧ” ಎಂದು ಉಸಿರು ತೆಗೆದುಕೊಂಡರು. ಅವರು ಮುಂದಿನ ಹೆಸರಿಗೆ ಬಾಯಿ ತೆರೆಯುವ ಮೊದಲು ನಾನೇ “ರಮಾಮಣಿ, ಮಖಾ” ಎಂದುಬಿಟ್ಟೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಪಕ್ಕದ ಆಟೋದವನ ಪೂಜೆಗೆ ನಿಂತಿದ್ದವರೂ ತಿರುಗಿ ನೋಡಿದರು. ನೋಡಲಿ. ದೇವಿಯ ಮುಂದೆ ಹೆಸರು ಹೇಳಿಯಾಯಿತು, ಇನ್ನು ಸೀಟು ನನ್ನದೇ.

ಅವತ್ತಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಮಧ್ಯಾಹ್ನ ಅವರು ಮಲಗಿದಾಗ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಹತ್ತಿ ಕೂತು, ಕಣ್ಣು ಮುಚ್ಚಿ ಎಡಕ್ಕೆ ತಿರುವು ಬಂತು ಅಂದುಕೊಂಡು ಎಡಕ್ಕೆ ವಾಲುತ್ತೇನೆ, ಬಲಕ್ಕೆ ಬಂತು ಅಂದುಕೊಂಡು ಬಲಕ್ಕೆ. ಎದುರು ಮನೆಯ ಸರ್ವಮಂಗಳಾ ಕಾಂಪೌಂಡಿನ ಮೇಲಿಂದ ನೋಡಿ, “ರಮಾಮಣಿಯವರೇ, ಮೈ ಹುಷಾರಿಲ್ವಾ?” ಎಂದರು. “ಊಟಿಗೆ ಹೋಗ್ತಿದೀನಿ ಕಣ್ರೀ” ಎಂದೆ. ಈಗ ಹೆದರಿಕೆ ಹೋಗಿದೆ. ನಿನ್ನಷ್ಟೇ ಚೆನ್ನಾಗಿ ವಾಲುತ್ತೇನೆ. ಡಿಸೆಂಬರ್ ಬರುವಷ್ಟರಲ್ಲಿ ನಿನಗಿಂತ ಚೆನ್ನಾಗಿ ವಾಲುತ್ತೇನೆ.

ಆದ್ದರಿಂದ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರು. ನೀನು ಬಂದರೆ ಶಾಲಿನಿಗೆ ಮುಜುಗರ, ಅಭಿರಾಮನ ಮುಖ ಮತ್ತೆ ಗಂಟಿಕ್ಕುತ್ತದೆ, ಅಣ್ಣನಿಗೆ ಯಾರ ಪಕ್ಕ ನಿಲ್ಲಬೇಕೆಂದು ತಿಳಿಯುವುದಿಲ್ಲ. ಎಲ್ಲರೂ ಚೆನ್ನಾಗಿರುವುದು ನೀನು ಇಲ್ಲದಿದ್ದಾಗ. ಇದನ್ನು ನಿನಗೆ ತಾಯಿಯಲ್ಲದೆ ಮತ್ಯಾರು ಹೇಳುತ್ತಾರೆ? ನಿಮ್ಮಪ್ಪನಿಗೆ ಫೋನ್ ಮಾಡಿ ಕೇಳುವುದೂ ಬೇಡ. ಫೋನಿನಲ್ಲಿ ಅವರು “ಹ್ಞೂಂ, ಊಟ ಆಯ್ತಾ” ಬಿಟ್ಟರೆ ಬೇರೆ ಮಾತಾಡುವವರಲ್ಲ, ಸುಮ್ಮನೆ ಅವರ ಮನಸ್ಸು ಕೆಡಿಸಬೇಡ.

ಡಿಸೆಂಬರ್ ರಜೆಯಲ್ಲಿ ಚೆನ್ನಾಗಿ ನಿದ್ದೆ ಮಾಡು. ತಲೆಗೆ ಎಣ್ಣೆ ಹಚ್ಚಿಕೊ, ಆ ಕೂದಲು ನೋಡಿದರೆ ತೀರಾ ಒರಟಾಗಿದೆ. ಚಟ್ನಿಪುಡಿ ಬೇರೆ ಕಳಿಸುತ್ತೇನೆ. ತಾಯಿ ಚಾಮುಂಡೇಶ್ವರಿ ನಿನಗೆ ಆರೋಗ್ಯ ಕೊಡಲಿ, ಮತ್ತೆ ಒಂದು ಒಳ್ಳೆಯ ಕಡೆ ನೆಲೆ ಕಾಣಿಸಲಿ, ಅಲ್ಲಿಯತನಕ ಇರುವ ಕಡೆಯೇ ಸುಖವಾಗಿಡಲಿ.

ಇಂತಿ ನಿನ್ನ ಅಮ್ಮ,
ರಮಾಮಣಿ

ತಾ.ಕ.: ಲಕೋಟೆಗೆ ಹಾಕಿ ಅಂಟಿಸುವುದಷ್ಟೇ ಬಾಕಿ ಇತ್ತು. ಪೋರ್ಟಿಕೋದಲ್ಲಿ ಸ್ಪ್ಯಾನರ್ ಸದ್ದಾಯಿತೆಂದು ಎದ್ದು ಹೋದೆ. ನಿಮ್ಮಪ್ಪ ಯೆಜ್ದಿಯ ಹಿಂದಿನ ಸೀಟಿನ ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿ ಬೋಲ್ಟು ಬಿಗಿಯುತ್ತಿದ್ದರು. ಕಾಲಿಡುವ ಮೆಟ್ಟುಗಳನ್ನು ಬಿಚ್ಚಿ ಪೇಪರಿನ ಮೇಲೆ ಇಟ್ಟಿದ್ದರು. ಇದೇನ್ರೀ ಎಂದೆ. “ಎಣ್ಣೆ ಡಬ್ಬ, ಟೂಲ್ ಬಾಕ್ಸು ಇಡೋಕೆ. ಹಳೇ ಎಂಜಿನ್ನು ರಮಾ, ಘಾಟೀಲಿ ಇಬ್ಬರನ್ನ ಎಳೆಯಲ್ಲ. ನೀನು ಸುಂದರೇಶನ ಜೊತೆ ಕಾರಲ್ಲಿ ಆರಾಮಾಗಿ ಬಂದ್ಬುಡು” ಎಂದರು. ತಲೆ ಎತ್ತಲೂ ಇಲ್ಲ. ಹೆಲ್ಮೆಟ್ಟು ನನ್ನ ಕೈಯಲ್ಲೇ ಇತ್ತು, ಅದನ್ನೂ ನೋಡಲಿಲ್ಲ. ನಾನು ಒಳಗೆ ಬರಲು ತಿರುಗಿದಾಗ ಕರೆದು ಕೇಳಿದರು, “ಗಾರ್ಗಿ ಏನಾದ್ರೂ ಮೆಸೇಜು ಹಾಕಿದಾಳೇನೇ? ಬರ್ತೀನಿ ಅಂದ್ರೆ ಹೇಳು. ಎರಡು ಬೋಲ್ಟು, ಬಿಚ್ಚೋಕೆ ಎಷ್ಟೊತ್ತು.”

ನಿನ್ನ ಮೆಸೇಜನ್ನು ನಾನು ಅವರಿಗೆ ಓದಿ ಹೇಳಿಯೇ ಇಲ್ಲ ಗಾರ್ಗಿ. ಇವತ್ತೂ “ಏನೂ ಹಾಕಿಲ್ಲ” ಎಂದೆ. ನಾನು ಹೇಗೂ ಬ್ಯಾಗುಗಳ ಪಕ್ಕ ಕೂತು ಹೋಗುವವಳು, ಸೀಟು ನನಗಂತೂ ಇಲ್ಲ. ಆದರೂ ನೀನು ಬರಬೇಡ.