ಸಮುದ್ರದ ಕಡೆಯ ಸಾಲು

ಮಂಗಳವಾರ, ಸಂಜೆ ಆರೂವರೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ, ಭಾವನವರಿಗೂ ತಿಳಿಸು. ತಲುಪಿದ ದಿನವೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಇವತ್ತು ಪೆನ್ನು ಹಿಡಿದಿದ್ದೇನೆ, ಬೈಯಬೇಡ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ನಿನಗೇ ಗೊತ್ತು. ಬರೆಯುವಾಗ ಮಾತ್ರ ಮಾತು ಸರಾಗವಾಗಿ ಬರುತ್ತದೆ.

ಬೆಳಿಗ್ಗೆ ಸ್ಮಶಾನಕ್ಕೆ ಹೋಗಿದ್ದೆವು, ಮಧ್ಯಾಹ್ನ ಪುರಸಭೆಯ ಆಫೀಸಿಗೆ. ಈಗ ಲಾಡ್ಜಿನ ಕೋಣೆಯಲ್ಲಿ ಕೂತಿದ್ದೇನೆ. ಮಂಚದ ಪಕ್ಕ ಒಂದು ಕಿಟಕಿ, ಕಿಟಕಿ ತುಂಬ ಸಮುದ್ರ. ಈ ನೋಟಕ್ಕೆಂದೇ ಜನ ಇಲ್ಲಿ ಕೋಣೆ ಹಿಡಿಯುತ್ತಾರಂತೆ. ನಾನು ಪರದೆ ಎಳೆದಿದ್ದೇನೆ. ಮೈದುನ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾನೆ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದ. ಆ ಮನುಷ್ಯ ಹಸಿವಿಲ್ಲ ಅಂದರೆ ಏನೋ ಆಗಿದೆ ಎಂದು ನಿನಗೆ ಹೇಳಬೇಕಾಗಿಲ್ಲ.

ದಾರಿಯುದ್ದಕ್ಕೂ ಅವನು ನನ್ನನ್ನು ವಾಪಸು ಕರೆದುಕೊಂಡು ಹೋಗಲು ನೋಡುತ್ತಲೇ ಇದ್ದ. ಬಸ್ಸು ನಿಂತ ಕಡೆಯೆಲ್ಲ ಅದೇ ಮಾತು.

"ಅತ್ತಿಗೆ, ಇಷ್ಟು ವರ್ಷ ಆದ್ಮೇಲೆ ಮಣ್ಣಲ್ಲಿ ಏನಿರುತ್ತೆ ಹೇಳಿ? ಒಂದು ಹಿಡಿ ಮಣ್ಣು ತಂದ್ರೆ ಸಾಕಪ್ಪ."

"ಹಿಡಿ ಮಣ್ಣು ತಂದು ಏನ್ ಮಾಡ್ಲಿ? ಗಿಡ ನೆಡ್ಲಾ?"

"ನಿಮ್ಮ ಹತ್ರ ಮಾತಾಡೋಕಾಗಲ್ಲ ಬಿಡಿ," ಎಂದು ಮುಖ ತಿರುಗಿಸಿಕೊಂಡು ಕಡಲೆಕಾಯಿ ಬಿಡಿಸುತ್ತಾ ಕೂತ. ಸೋಮಾರಿತನ ಎಂದುಕೊಂಡೆ. ಅಣ್ಣ ಸತ್ತು ಆರು ತಿಂಗಳಾಗಿಲ್ಲ, ಅತ್ತಿಗೆಗೆ ಜೊತೆ ಬರುವುದೂ ಇವನಿಗೆ ಭಾರವಾಯಿತು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಕ್ಕಾ, ನನ್ನ ಆಸೆ ನಿನಗೆ ಗೊತ್ತಿರುವುದೇ. ಈ ಕರಾವಳಿಯ ಸ್ಮಶಾನ ದಿನೇದಿನೇ ಕುಸಿಯುತ್ತಿದೆ, ಬೇಕಾದವರು ತಮ್ಮವರನ್ನು ತೆಗೆದುಕೊಂಡು ಹೋಗಬಹುದು ಎಂದು ಪುರಸಭೆಯವರು ತಿಳಿಸಿದಾಗ ನಮ್ಮನೆಯವರು ತೀರಿಕೊಂಡು ಎರಡು ತಿಂಗಳಾಗಿತ್ತು. ದೇವರೇ ನನಗೊಂದು ಕೆಲಸ ಕೊಟ್ಟ ಎನಿಸಿತು. ನಮ್ಮ ಮರಿಯನ್ನು ತಂದು ಅವಳ ಅಪ್ಪನ ಪಕ್ಕದಲ್ಲಿ ಮಲಗಿಸಿದರೆ ಇಬ್ಬರೂ ಒಂದೇ ಕಡೆ ಇರುತ್ತಾರೆ, ನನಗೂ ಹೋಗಿ ಕೂರಲು ಒಂದು ಜಾಗವಾಗುತ್ತದೆ. ಭಾವನವರಿಗೆ ಹೇಳಿ ಇವರ ಪಕ್ಕದಲ್ಲಿ ಆ ಚೂರು ನೆಲ ಬಿಡಿಸಿಟ್ಟಿದ್ದು ಅದಕ್ಕೇ.

ಅವಳನ್ನು ಮಣ್ಣು ಮಾಡಿದ ದಿನದಿಂದ ನಾನು ಈ ಊರಿಗೆ ಕಾಲಿಟ್ಟಿರಲಿಲ್ಲ. ಆಗ ಇವರು ಇಲ್ಲಿ ಸಮುದ್ರಕ್ಕೆ ತಡೆಗೋಡೆ ಕಟ್ಟುವ ಕೆಲಸದಲ್ಲಿ ಗಾರೆಯವರಾಗಿದ್ದರು. ತಗಡಿನ ಶೆಡ್ಡಿನಲ್ಲಿ ಸಂಸಾರ. ಜ್ವರ ಬಂದ ಮೂರನೇ ದಿನಕ್ಕೆ ಮಗು ಹೋಯಿತು. ಮಕ್ಕಳನ್ನೆಲ್ಲ ಸಮುದ್ರದ ಕಡೆಯ ಬೇಲಿಗೆ ತಾಗಿದ ಸಾಲಿನಲ್ಲಿ ಹೂಳುತ್ತಿದ್ದರು. ಅಲ್ಲಿ ಬಂಡೆ ಮೇಲೆಯೇ ಸಿಗುತ್ತದೆ, ದೊಡ್ಡವರಿಗೆ ಬೇಕಾದ ಆಳ ಬರುವುದಿಲ್ಲ. ಮಕ್ಕಳಿಗೆ ಅಷ್ಟು ಸಾಕು ಎಂದಿದ್ದರು. ಬೇಲಿ ಹಿಡಿದು ಕುಸಿದುಬಿದ್ದ ನನ್ನನ್ನು ಎತ್ತಿಕೊಂಡು ಬಂದು ಇವರು ಹೇಳಿದ್ದು ಒಂದೇ ಮಾತು: "ನೀನಿನ್ನು ಇಲ್ಲಿಗೆ ಬರಬೇಡ. ನಾನು ನೋಡ್ಕೋತೀನಿ." ನೋಡಿಕೊಂಡರು. ಕೆಲಸ ಮುಗಿದು ಊರು ಬಿಟ್ಟ ಮೇಲೂ ವರ್ಷಕ್ಕೊಮ್ಮೆ ತಪ್ಪದೆ ಹೋಗಿಬರುತ್ತಿದ್ದರು. ನಾನು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆಗಳ ಅಂಚು ಹೊಡೆಯುತ್ತಾ ಆ ಒಂದು ದಿನ ಮಾತ್ರ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮೊದಲು ಸಿಕ್ಕಿದ್ದು ಪ್ರವಾಸಿಗರು. ಸ್ಮಶಾನಕ್ಕೆ ಹೋಗುವ ದಾರಿಯಲ್ಲೇ ಕಂಬಿ ಹಾಕಿ ನೋಡುವ ಜಾಗ ಮಾಡಿದ್ದಾರೆ. ನಿಜ ಹೇಳುತ್ತೇನೆ, ಅಂಥ ದಡವನ್ನು ನಾನು ಎಲ್ಲೂ ನೋಡಿಲ್ಲ. ಬಂಡೆ ಬಂಡೆಯಾಗಿಲ್ಲ. ಅಟ್ಟಿಯಾಗಿ ಮಡಿಸಿಟ್ಟ ಕಂಬಳಿಗಳನ್ನು ಯಾರೋ ಎರಡೂ ಕಡೆಯಿಂದ ದೂಡಿದ ಹಾಗೆ ಮೇಲೆದ್ದು, ಬಾಗಿ, ಮತ್ತೆ ಒಳಕ್ಕೆ ಮಡಚಿಕೊಂಡಿದೆ. ಬಿಳಿ ಪಟ್ಟಿ, ಕಪ್ಪು ಪಟ್ಟಿ, ತುಕ್ಕಿನ ಬಣ್ಣದ ಪಟ್ಟಿ. ಬುಡದಲ್ಲಿ ನೀರು ಹೊಕ್ಕು ಗುಹೆಗಳಾಗಿವೆ. ಅಲೆ ಒಳಗೆ ಹೋಗಿ ಬಡಿದಾಗ ನಿಂತ ನೆಲದಲ್ಲಿ ಪಾದಕ್ಕೆ ತಿಳಿಯುತ್ತದೆ. ನೋಡುತ್ತಾ ನಿಂತೇಬಿಟ್ಟೆ. ಹೆತ್ತವಳು ಬಂದ ಕೆಲಸ ಮರೆತು ಚಂದ ನೋಡುತ್ತಾ ನಿಂತಳಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಊರು ತೋರಿಸುವ ಹುಡುಗಿಯೊಬ್ಬಳು ಛತ್ರಿ ಎತ್ತಿಹಿಡಿದು ಗುಂಪಿಗೆ ವಿವರಿಸುತ್ತಿದ್ದಳು. "ಈ ಪದರಗಳೆಲ್ಲ ಒಂದು ಕಾಲದಲ್ಲಿ ನೀರಿನ ತಳದಲ್ಲಿ ಮಟ್ಟಸವಾಗಿ ಮಲಗಿದ್ವು. ಒತ್ತಡ ಬಿದ್ದು ಹೀಗೆ ಮಡಚಿಕೊಂಡಿವೆ. ಆ ಕಡೆ ಕಾಣುತ್ತಲ್ಲ, ಅದು ತಡೆಗೋಡೆ. ಅದರಿಂದ ಪೇಟೆ ಉಳೀತು. ಆದ್ರೆ ಅಲೆ ಎಲ್ಲಾದ್ರೂ ಹೋಗ್ಬೇಕಲ್ಲ? ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿಂದ ತಿರುಗಿ ಈ ಬದಿಯನ್ನ ತಿನ್ನೋಕೆ ಶುರು ಮಾಡ್ತು."

ದಪ್ಪ ಕನ್ನಡಕದ ಒಬ್ಬ ಕೇಳಿದ, "ಸ್ಮಶಾನ ಬೀಳೋದು ಇಲ್ಲಿಂದ ಕಾಣುತ್ತಾ?"

"ಅದೃಷ್ಟ ಇದ್ರೆ," ಎಂದಳು. ಎಲ್ಲರೂ ನಕ್ಕರು.

ಮೈದುನ ನನ್ನ ತೋಳು ಹಿಡಿದು, "ಬನ್ನಿ ಅತ್ತಿಗೆ, ಬಿಸಿಲೇರುತ್ತೆ, ಬನ್ನಿ ಬನ್ನಿ" ಎಂದು ಎಳೆದುಕೊಂಡೇ ನಡೆದ.

ಸ್ಮಶಾನ ನನ್ನ ನೆನಪಿನಲ್ಲಿದ್ದುದರ ಅರ್ಧವೂ ಇಲ್ಲ. ಬೇಲಿ ಇಲ್ಲ. ಅಂಚಿಗೆ ಹಗ್ಗ ಕಟ್ಟಿದ್ದಾರೆ, ಹಗ್ಗದಾಚೆ ಬರೀ ಗಾಳಿ. ನಮ್ಮ ಕಲ್ಲು ಒಳಗಡೆ, ಕೈತೊಳೆಯುವ ನಲ್ಲಿಯ ಹತ್ತಿರ ನಿಂತಿತ್ತು. ಇವರೇ ಉಳಿಯಿಂದ ಕೆತ್ತಿದ ಗಿಡ್ಡ ಕಲ್ಲು, ಮೇಲೆ ಅವಳು ಹುಟ್ಟಿದ ವರ್ಷ. ಕೈಯಿಟ್ಟ ಕೂಡಲೇ ಗುರುತು ಸಿಕ್ಕಿತು.

"ಇದು ಬೇಲಿ ಹತ್ರ ಅಲ್ವೇನೋ ಇದ್ದಿದ್ದು?" ಎಂದು ಕೇಳಿದೆ.

"ಜಾಗ ಚಿಕ್ಕದಾದ್ರೆ ಎಲ್ಲಾ ಹತ್ರ ಹತ್ರ ಕಾಣುತ್ತೆ ಅತ್ತಿಗೆ," ಎಂದ, ನೆಲ ನೋಡುತ್ತಾ. ಇದ್ದರೂ ಇರಬಹುದು ಎಂದುಕೊಂಡೆ. ಉಳಿದದ್ದು ಎಷ್ಟು ಒಳ್ಳೆಯದಾಯಿತು ಎಂದೂ ಎನಿಸಿತು.

ಅಗೆಯಲು ಪುರಸಭೆಯವರು ಕಳಿಸಿದವನಿಗೆ ಜೊತೆಯವರೆಲ್ಲ "ಡಾಕ್ಟ್ರು" ಎನ್ನುತ್ತಾರೆ. ಕೈಗವಸು ಹಾಕದೆ ಗುದ್ದಲಿ ಮುಟ್ಟುವುದಿಲ್ಲ, ಅದಕ್ಕೆ. ನನ್ನ ಮುಖ ನೋಡಿ ಹಗುರ ಮಾಡಲೆಂದೋ ಏನೋ, "ಹೆದರ್ಬೇಡಿ ಅಮ್ಮ, ನನ್ನ ಕೈಗುಣ ಚೆನ್ನಾಗಿದೆ. ಇದುವರೆಗೂ ಒಬ್ಬ ಪೇಷಂಟೂ ದೂರು ಹೇಳಿಲ್ಲ" ಎಂದ. ನನಗೂ ನಗು ಬಂತು ಅಕ್ಕಾ. ಅದೇ ಇವತ್ತಿನ ಕೊನೆಯ ನಗು.

ಅವನು ಕಲ್ಲನ್ನು ಪಕ್ಕಕ್ಕೆ ಒರಗಿಸಿ, ಚೌಕವಾಗಿ ಗುರುತು ಮಾಡಿ ಅಗೆದ. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆಫೀಸಿನಲ್ಲಿ ಕೊಟ್ಟ ಪೆಟ್ಟಿಗೆ ಅದು, ಚಿಕ್ಕ ಅಳತೆಯದು. ಒಳಗೆ ಹಾಸಲು ನಾನೇ ಹೊಲಿದ ಬಟ್ಟೆ ತಂದಿದ್ದೆ. ಮೊಣಕಾಲಿನ ಆಳ ಹೋದ ಮೇಲೆ ಡಾಕ್ಟ್ರು ನಿಧಾನವಾದ. ಗುಂಡಿಯ ಗೋಡೆಯನ್ನು ಬೆರಳಿಂದ ಸವರಿ ನೋಡಿದ. ಕೈಗವಸು ತೆಗೆದು ಮತ್ತೆ ಸವರಿದ.

"ಅಮ್ಮ, ಜಾಗ ಇದೇನಾ?"

"ಇದೇ. ಕಲ್ಲು ನಮ್ಮದೇ."

"ಕಲ್ಲು ನಿಮ್ಮದಿರಬಹುದು. ಮಣ್ಣಿಗೆ ಯಾರೂ ಕೈ ಹಾಕಿಲ್ಲ. ಒಂದ್ಸಲ ಅಗೆದ್ರೆ ಎಲ್ಲಾ ಕಲಸಿಹೋಗುತ್ತೆ. ಇಲ್ನೋಡಿ, ಕೆಂಪು, ಬೂದಿ, ಆಮೇಲೆ ಕೆಂಪು. ಗೆರೆ ಎಳೆದ ಹಾಗಿದೆ."

"ಇನ್ನೂ ಸ್ವಲ್ಪ ಅಗೀರಿ."

ಅಗೆದ. ಗುದ್ದಲಿ ಠಣ್ಣೆಂದಿತು. "ಬಂಡೆ ಬಂತು."

"ಹಾಗಾದ್ರೆ ಪಕ್ಕಕ್ಕೆ ಅಗೀರಿ."

ಪಕ್ಕದಲ್ಲೂ ಅದೇ ಮೂರು ಪಟ್ಟಿ, ಅದೇ ಬಂಡೆ. ಆಮೇಲೆ ನಾನೇ ಗುಂಡಿಗೆ ಇಳಿದೆನಂತೆ. ಇಳಿದದ್ದು ನನಗೆ ನೆನಪಿಲ್ಲ. ಉಗುರು ಸಂದಿಯಲ್ಲಿ ಮಣ್ಣು ಹೊಕ್ಕು ಈಗ ಪೆನ್ನು ಹಿಡಿದರೂ ಉರಿಯುತ್ತದೆ. ಮೈದುನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಳುವುದಕ್ಕೆ ಶುರು ಮಾಡಿದ. ಅಷ್ಟು ದೊಡ್ಡ ಗಂಡಸು.

"ಸಾಕು ಅತ್ತಿಗೆ, ಮೇಲೆ ಬನ್ನಿ. ಅವಳು ಅಲ್ಲಿಲ್ಲ."

"ನಿನಗೆ ಹೇಗೆ ಗೊತ್ತು?"

"ಆ ಕಲ್ಲು ಇಲ್ಲಿಗೆ ಹೊತ್ತು ತಂದಿದ್ದು ನಾನೇ. ನಾನೂ ಅಣ್ಣನೂ."

ನಲ್ಲಿಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ಹತ್ತು ಹನ್ನೆರಡು ವರ್ಷದ ಕೆಳಗೆ ಇವರು ಬಂದಾಗ ಬೇಲಿಯೂ ಇರಲಿಲ್ಲ, ಮಕ್ಕಳ ಸಾಲೂ ಇರಲಿಲ್ಲವಂತೆ. ಆ ಮಳೆಗಾಲದಲ್ಲಿ ಇಡೀ ಸಾಲು ಒಂದೇ ಸಲಕ್ಕೆ ಸಮುದ್ರಕ್ಕೆ ಹೋಗಿತ್ತು. ಮಕ್ಕಳ ತಲೆಯನ್ನು ಊರಿನ ಕಡೆಗೆ ಇಟ್ಟು ಮಲಗಿಸುತ್ತಿದ್ದರಲ್ಲ, ತಲೆದೆಸೆಯಲ್ಲಿ ನೆಟ್ಟ ನಮ್ಮ ಕಲ್ಲೊಂದೇ ಅಂಚಿನಲ್ಲಿ ಓರೆಯಾಗಿ ನಿಂತಿತ್ತಂತೆ. ಇವರು ಅದನ್ನು ಕಿತ್ತು ಒಳಗೆ ತಂದು ನೆಟ್ಟರು. ಅಂಚು ಮತ್ತೆ ಹತ್ತಿರ ಬಂತು, ಮತ್ತೆ ಸರಿಸಿದರು. ಕೊನೆಯ ಸಲ ಎದೆನೋವಿನಿಂದ ಒಬ್ಬರೇ ಎತ್ತಲಾಗದೆ ತಮ್ಮನನ್ನು ಕರೆದುಕೊಂಡು ಬಂದರಂತೆ.

"ಯಾಕೋ? ಕಲ್ಲು ಇಟ್ಕೊಂಡು ಏನ್ ಮಾಡೋಕೆ?"

"ನಾನೂ ಅದನ್ನೇ ಕೇಳ್ದೆ. 'ಎಂದಾದ್ರೂ ಅವಳು ಬಂದ್ರೆ ಬಗ್ಗಿ ಮುಟ್ಟೋಕೆ ಏನಾದ್ರೂ ಇರಲಿ' ಅಂದ. 'ಆ ಗೋಡೆ ಕಟ್ಟಿದ್ದು ನಾನೇ ಕಣೋ, ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ' ಅಂದ. ನನ್ನ ಹತ್ರ ಆಣೆ ಹಾಕಿಸ್ಕೊಂಡ. ನೀವು ಅಗೆಸ್ತೀರಿ ಅಂತ ಅವನಿಗೆ ಹೊಳೆದೇ ಇರ್ಲಿಲ್ಲ ಅತ್ತಿಗೆ."

ಅಷ್ಟು ಜನ ಗಾರೆಯವರಲ್ಲಿ ಇವರೂ ಒಬ್ಬರು. ಮೇಸ್ತ್ರಿ ಹೇಳಿದ ಕಡೆ ಕಲ್ಲು ಇಟ್ಟವರು, ಸಿಮೆಂಟು ಬಳಿದವರು. ಸಮುದ್ರ ಎಲ್ಲಿಗೆ ತಿರುಗುತ್ತದೆ ಎಂದು ಇವರಿಗೇನು ಗೊತ್ತು? ನನ್ನನ್ನು ಕೇಳಿದ್ದರೆ ಇಷ್ಟೇ ಹೇಳುತ್ತಿದ್ದೆ. ಕೇಳಲಿಲ್ಲ.

ಮಧ್ಯಾಹ್ನ ಪೆಟ್ಟಿಗೆ ವಾಪಸು ಕೊಡಲು ಆಫೀಸಿಗೆ ಹೋದೆವು. ಗುಮಾಸ್ತ ತಲೆ ಎತ್ತದೆಯೇ, "ಯಾಕೆ, ಚಿಕ್ಕದಾಯ್ತಾ? ದೊಡ್ಡದು ಕೊಡ್ಲಾ?" ಎಂದ. ತುಂಬಲು ಏನೂ ಸಿಗಲಿಲ್ಲ ಎಂದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, "ಕಲ್ಲು ತಗೊಂಡು ಹೋಗ್ತೀರಾ? ಇಲ್ಲದಿದ್ರೆ ಬಿಟ್ಟುಹೋದ ಕಲ್ಲೆಲ್ಲ ಗೋಡೆ ಬುಡಕ್ಕೆ ಹಾಕಿಸ್ತೀವಿ" ಎಂದ. ಮೈದುನ ನನ್ನ ಮುಖ ನೋಡಿದ. ಹಾಕಿಸಿ ಎಂದೆ.

ಅಕ್ಕಾ, ಭಾವನವರಿಗೆ ಹೇಳು: ಇವರ ಪಕ್ಕದಲ್ಲಿ ಬಿಡಿಸಿಟ್ಟ ಜಾಗ ಬೇರೆ ಯಾರಿಗಾದರೂ ಬೇಕಿದ್ದರೆ ಕೊಡಲಿ. ಬಾಯಿ ಬಿಟ್ಟು ಕಾರಣ ಹೇಳಬೇಡ. ಮೈದುನನ ಮೇಲೂ ಸಿಟ್ಟಾಗಬೇಡ, ಅವನು ಅಣ್ಣನ ಮಾತಿಗೆ ಕಟ್ಟುಬಿದ್ದವನು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ, ನಾನಿಲ್ಲ ಎಂದು ಉದಾಸೀನ ಮಾಡುತ್ತೀಯ. ಮಕ್ಕಳಿಗೆ, ಸೊಸೆಗೆ, ತೊಟ್ಟಿಲಲ್ಲಿರುವ ಮೊಮ್ಮಗನಿಗೆ ನನ್ನ ಆಶೀರ್ವಾದ. ಎಲ್ಲರೂ ಎಲ್ಲರ ಕಣ್ಣೆದುರಿಗೆ ಚೆನ್ನಾಗಿರಲಿ.

ನಿನ್ನ
ತಂಗಿ

ಸಹಿ ಹಾಕಿದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಪ್ರತಿ ವರ್ಷ ಇವರು ಇಲ್ಲಿಂದ ಬಂದಾಗ ಚಪ್ಪಲಿ ಬಿಡುವ ಮೊದಲೇ ನಾನು ಕೇಳುತ್ತಿದ್ದೆ, "ಹೇಗಿದ್ದಾಳೆ?" ಅಂತ. "ಚೆನ್ನಾಗಿದ್ದಾಳೆ, ಒಳ್ಳೆ ಗಾಳಿ ಬರುತ್ತೆ ಅಲ್ಲಿ," ಅನ್ನುತ್ತಿದ್ದರು. ಆ ಮಾತು ಕೇಳಿ ನಾನು ನೆಮ್ಮದಿಯಿಂದ ಮಲಗುತ್ತಿದ್ದೆ. ಆ ಸಾಲು ಸಮುದ್ರಕ್ಕೆ ಬಿದ್ದ ವರ್ಷವೂ ಅದನ್ನೇ ಹೇಳಿದರು, ನಾನು ಬಡಿಸಿದ್ದನ್ನು ಉಂಡರು. ಮಗು ಮೊದಲ ಸಲ ಹೋದಾಗ ಒಬ್ಬರ ತಲೆ ಒಬ್ಬರು ಹಿಡಿದುಕೊಂಡು ಅತ್ತಿದ್ದೆವು. ಎರಡನೇ ಸಲ ಅವರೊಬ್ಬರೇ ಅತ್ತರು. ಪಕ್ಕದಲ್ಲೇ ಮಲಗಿದ್ದ ನನ್ನನ್ನು ಎಬ್ಬಿಸಲಿಲ್ಲ. ಇವರು ಹೋದಾಗಿನಿಂದ ಇವರಿಗಾಗಿ ಅಳದ ದಿನವಿಲ್ಲ, ನೀನೇ ಕಂಡಿದ್ದೀಯ. ಇವತ್ತು ಬೆಳಗಿನಿಂದ ಕಾಯುತ್ತಿದ್ದೇನೆ ಅಕ್ಕಾ, ಅಳು ಬರುತ್ತಿಲ್ಲ. ಮಗು ಇಲ್ಲದ ಗುಂಡಿಗಿಂತ ಅದೇ ನನಗೆ ಹೆದರಿಕೆ.

ಸ್ಮಶಾನದ ಕೆಳಗಿನ ದಂಡೆಗೆ ಹೋಗಲು ದಾರಿ ಇದೆಯೇ ಎಂದು ಲಾಡ್ಜಿನವಳನ್ನು ಕೇಳಿದೆ. ನಾಳೆ ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು ಇಳಿದಿರುತ್ತದಂತೆ.