ರಸ್ತೆಯುಬ್ಬಿನ ಪಕ್ಕದ ಸಂದು, ನಮ್ಮ ಹೊಸ್ತಿಲು

ರಸ್ತೆ ವಿಭಾಗದ ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, ನಮ್ಮ ಬೀದಿಯ ತಿರುವಿನಲ್ಲಿ ನೀವು ಹಾಕಿಸಿದ ರಸ್ತೆಯುಬ್ಬು ಇಂದಲ್ಲ ನಾಳೆ ನನ್ನ ಮೊಮ್ಮಗಳ ಜೀವ ತೆಗೆಯುತ್ತದೆ ಎಂಬ ಭಯದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಇನ್ನೂ ತೆಗೆದಿಲ್ಲ. ನಿಮ್ಮ ಕಚೇರಿಯಲ್ಲಿ ನನ್ನ ದೂರು ಅಲ್ಲಾಡದೆ ಕೂತಿರುವುದಕ್ಕೆ ಅದೇ ಕಾರಣವಿರಬೇಕು.

ನಾನು ಬಟ್ಟೆ ಹೊಲಿಯುವವಳು. ಬೀದಿಗೆ ತೆರೆದುಕೊಳ್ಳುವ ಮುಂಗೋಣೆಯೇ ನನ್ನ ಅಂಗಡಿ. ಜಗಲಿಯಿಲ್ಲ, ಗೇಟಿಲ್ಲ, ಹೊಸ್ತಿಲು ದಾಟಿದರೆ ರಸ್ತೆ. ಮಗಳು ಬೆಳಗ್ಗೆ ಬ್ರೆಡ್ ಕಾರ್ಖಾನೆಗೆ ಹೋದರೆ ಸಂಜೆಯವರೆಗೂ ಅವಳ ಮಗು ನನ್ನ ಜೊತೆ. ಮೂರು ವರ್ಷ ತುಂಬಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಇರುವೆ ಎನ್ನುತ್ತೇವೆ. ಇಲ್ಲಿದ್ದಾಳೆ ಎನ್ನುವಷ್ಟರಲ್ಲಿ ಅಲ್ಲಿರುತ್ತಾಳೆ.

ಉಬ್ಬು ಬೇಕೆಂದು ಕೇಳಿದ್ದು ನಾವೇ, ಒಪ್ಪಿದೆ. ಗಾಡಿಗಳು ರೊಯ್ಯನೆ ಹೋಗುತ್ತಿದ್ದವು, ಕೇಳಿದೆವು, ಕೊಟ್ಟಿರಿ. ಆದರೆ ಎಲ್ಲಿ ಕೊಟ್ಟಿರಿ? ತಿರುವು ಮುಗಿಯುವ ಜಾಗದಲ್ಲೇ, ಗಾಡಿ ತಿರುಗಿದ ಮೇಲಷ್ಟೇ ಕಾಣುವ ಹಾಗೆ. ಬಿಳಿ ಪಟ್ಟೆ ಬಳಿದಿಲ್ಲ. ಮುಂದೆ ಉಬ್ಬಿದೆ ಎಂದು ಎಚ್ಚರಿಸುವ ಫಲಕವಿಲ್ಲ, ಮೇಲೊಂದು ದೀಪವಿಲ್ಲ. ಎತ್ತರವೋ, ಕಾರುಗಳು ಹೊಟ್ಟೆ ಉಜ್ಜಿಕೊಂಡು ದಾಟುವಷ್ಟು. ಮೊದಲ ವಾರವೇ ಸ್ಕೂಟರಿನ ಹಿಂದೆ ಕೂತಿದ್ದ ಹೆಂಗಸೊಬ್ಬರು ಹಾರಿಬಿದ್ದರು. ನಮ್ಮ ಹೊಸ್ತಿಲ ಮೇಲೆ ಕೂರಿಸಿ ನೀರು ಕೊಟ್ಟೆ. ಮೊಣಕೈಯಲ್ಲಿ ರಕ್ತ ಸೋರುತ್ತಿತ್ತು.

"ಕಾಣ್ಲೇ ಇಲ್ಲ ಕಣಮ್ಮಾ. ರಸ್ತೆ ಬಣ್ಣಾನೇ ಅದರ ಬಣ್ಣ," ಎಂದು ಸ್ಕೂಟರ್ ಓಡಿಸುತ್ತಿದ್ದ ಆಕೆಯ ಗಂಡ ಒಂದೇ ಸಮನೆ ಹೇಳುತ್ತಿದ್ದ.

"ಇವ್ರಿಗೆ ಎದುರಿಗಿದ್ದದ್ದು ಯಾವತ್ತು ಕಂಡಿದೆ ಬಿಡಿ," ಎಂದು ಆಕೆ ಆ ನೋವಿನಲ್ಲೂ ಗೊಣಗಿದರು. ಇದು ವೇಗ ತಗ್ಗಿಸುವ ಉಬ್ಬೋ, ಹೆಂಡತಿಯರನ್ನು ಇಳಿಸುವ ನಿಲ್ದಾಣವೋ, ತಾವೇ ಹೇಳಬೇಕು.

ಗೊತ್ತಿಲ್ಲದವರು ಹೀಗೆ ಬೀಳುತ್ತಾರೆ. ಗೊತ್ತಿದ್ದವರದು ಇನ್ನೂ ದೊಡ್ಡ ಕಥೆ. ಮಳೆನೀರು ಹರಿಯಲೆಂದು ನಿಮ್ಮವರು ಉಬ್ಬಿನ ಎರಡೂ ತುದಿಯಲ್ಲಿ ಸಂದು ಬಿಟ್ಟಿದ್ದಾರೆ. ಆ ಕಡೆಯ ಸಂದಿಗೆ ವಿದ್ಯುತ್ ಕಂಬ ಅಡ್ಡವಿದೆ. ಈ ಕಡೆಯದು ನಮ್ಮ ಹೊಸ್ತಿಲಿಗೆ ತಾಗಿದೆ, ಒಂದು ಬೈಕ್ ಸಲೀಸಾಗಿ ತೂರುವಷ್ಟು ಅಗಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ನಾವು. ಇಷ್ಟು ದೊಡ್ಡ ದಾರಿ ಬಿಟ್ಟುಕೊಟ್ಟರೆ ಕೇಳಬೇಕೆ? ಬೀದಿಯ ಬೈಕುಗಳೆಲ್ಲ ಈಗ ನಮ್ಮ ಬಾಗಿಲ ಚೌಕಟ್ಟನ್ನು ಸವರಿಕೊಂಡೇ ಹೋಗುತ್ತವೆ. ವೇಗ ತಗ್ಗಿಸುವುದಂತೂ ಇಲ್ಲ, ಉಬ್ಬನ್ನು ಗೆದ್ದ ಹುಮ್ಮಸ್ಸಿನಲ್ಲಿ ಇನ್ನಷ್ಟು ಏರಿಸುತ್ತಾರೆ. ಒಮ್ಮೆ ಹೊಸ್ತಿಲಲ್ಲಿ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದೆ.

"ಅಮ್ಮಾ, ದಾರೀಲಿ ಕೂತಿದ್ದೀರಲ್ಲ, ಸ್ವಲ್ಪ ಒಳಗೆ ಹೋಗಿ!" ಎಂದ ಬೈಕಿನವನು.

"ಇದು ನನ್ನ ಮನೆ ಕಣಪ್ಪಾ."

"ಹೌದಾ? ಹಾಗಾದ್ರೆ ಮನೇನ ದಾರೀಲಿ ಯಾಕೆ ಕಟ್ಟಿದ್ರಿ?"

ಆಗ ನಗು ಬಂದಿತ್ತು. ಈಗ ಬರುವುದಿಲ್ಲ. ಕಳೆದ ಸೋಮವಾರ ನೂಲಿನ ಉಂಡೆಯೊಂದು ಜಾರಿ ಹೊರಗೆ ಉರುಳಿತು. ಇರುವೆ ಅದರ ಹಿಂದೆ ಓಡಿದಳು. ನಾನು ಏಳುವಷ್ಟರಲ್ಲಿ ಬೈಕೊಂದು ಅವಳ ಮುಂದಿನಿಂದ ಹಾದುಹೋಗಿತ್ತು. ಅವಳ ಫ್ರಾಕು ಪಟಪಟನೆ ಹಾರಾಡಿತು. "ಅಜ್ಜೀ, ಗಾಳಿ ಬಂತು!" ಎಂದು ಕೈತಟ್ಟಿ ನಕ್ಕಳು. ಅವಳನ್ನು ಎತ್ತಿಕೊಂಡು ಒಳಗೆ ಬಂದೆ. ಆ ದಿನ ಒಬ್ಬರ ಪ್ಯಾಂಟಿನ ಎರಡೂ ಕಾಲನ್ನು ಒಂದಕ್ಕೊಂದು ಸೇರಿಸಿ ಹೊಲಿದಿಟ್ಟಿದ್ದೆ. ಇವತ್ತಿಗೂ ಬೈಕಿನ ಸದ್ದು ಕೇಳಿದರೆ, ಮಗು ಮಡಿಲಲ್ಲೇ ಇದ್ದರೂ ಮುಟ್ಟಿ ನೋಡಿಕೊಳ್ಳುತ್ತೇನೆ.

ಮರುದಿನ ದೂರು ಬರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ, ತಮ್ಮ ಸಹಾಯಕರಿದ್ದರು. "ಹಂಪ್ ಬೇಕು ಅಂದ್ರಿ, ಹಾಕಿದ್ವಿ. ಈಗ ಬೇಡ ಅಂತೀರಾ?" ಎಂದರು. ಬೇಡ ಅನ್ನಲಿಲ್ಲ ಸ್ವಾಮಿ, ಸರಿಯಾಗಿ ಹಾಕಿ ಅಂದೆ. "ನೀರಿಗೆ ದಾರಿ ಬಿಡ್ಲೇಬೇಕಮ್ಮಾ, ನಿಯಮ ಇದೆ. ಅಷ್ಟಕ್ಕೂ ಯಾರಿಗಾದ್ರೂ ಏನಾದ್ರೂ ಆಗಿದ್ಯಾ?" ಎಂದು ಕೇಳಿದರು. ನೀರಿಗೆ ದಾರಿ ಬಿಡುವ ನಿಯಮವಿದೆ, ಮಗುವಿಗೆ ದಾರಿ ಬಿಡುವ ನಿಯಮ ಇಲ್ಲವೇ? ಪಟ್ಟೆ ಬಳಿಯುವುದಕ್ಕೆ, ಫಲಕ ನೆಡುವುದಕ್ಕೆ, ತಿರುವಿನಲ್ಲಿ ಉಬ್ಬು ಹಾಕದಿರುವುದಕ್ಕೆ ಇದ್ದ ನಿಯಮಗಳೆಲ್ಲ ಆ ಸಂದಿನಲ್ಲೇ ಕೊಚ್ಚಿಹೋದವೇ? ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ನಿಮ್ಮ ಪದ್ಧತಿಯಾದರೆ, ಕೊಳ್ಳೆಹೋಗಲು ನನ್ನ ಬಳಿ ಇರುವುದು ಒಂದೇ ಒಂದು ಜೀವ.

ಬಾಗಿಲು ಹಾಕಿಕೊಳ್ಳಿ ಎನ್ನುತ್ತೀರೇನೋ. ಆ ಕೋಣೆಗೆ ಕಿಟಕಿಯಿಲ್ಲ, ಸೂಜಿಗೆ ನೂಲು ಪೋಣಿಸುವ ಬೆಳಕು ಬರುವುದೇ ಬಾಗಿಲಿನಿಂದ. ಹಾಕಿದ ಬಾಗಿಲು ಕಂಡರೆ ಗಿರಾಕಿಗಳೂ ಹಿಂದಿರುಗುತ್ತಾರೆ. ಅಡ್ಡಲಾಗಿ ಹಲಗೆ ಇಟ್ಟು ನೋಡಿದೆ, ಇರುವೆ ಅದನ್ನು ಹತ್ತಿದಳು. ಹಾಗಾಗಿ ನಮ್ಮ ಬೇಡಿಕೆ ಇಷ್ಟೇ: ಉಬ್ಬನ್ನು ತಿರುವಿನಿಂದ ಆಚೆಗೆ, ದೂರದಿಂದಲೇ ಕಾಣುವ ಕಡೆಗೆ ಸರಿಸಿ. ಎತ್ತರ ತಗ್ಗಿಸಿ, ಪಟ್ಟೆ ಬಳಿಸಿ, ಮುಂಚಿತವಾಗಿ ಫಲಕ ನೆಡಿಸಿ. ನೀರು ಕೆಳಗಿನ ಕೊಳವೆಯಲ್ಲಿ ಹೋಗಲಿ, ಬೈಕು ಉಬ್ಬಿನ ಮೇಲೆ ಹೋಗಲಿ. ಅಲ್ಲಿಯವರೆಗೆ ಇವತ್ತೇ ಯಾರನ್ನಾದರೂ ಕಳಿಸಿ, ಆ ಸಂದಿನಲ್ಲಿ ಒಂದು ಗೂಟವನ್ನಾದರೂ ಹೂಳಿಸಿ.

ಇವತ್ತೇ ಏಕೆಂದರೆ, ಹಲಗೆ ಸೋತ ಮೇಲೆ ನಾನು ಮೊಮ್ಮಗಳನ್ನು ಕಟ್ಟಿಹಾಕುತ್ತಿದ್ದೇನೆ. ಮೆತ್ತನೆಯ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಹೊಲಿಗೆ ಯಂತ್ರದ ಕಾಲಿಗೆ ಗಂಟು ಹಾಕಿರುತ್ತೇನೆ. ಕರುವಿನ ಆಟ ಎಂದು ಹೇಳಿದ್ದೇನೆ, ನಂಬಿ ಅಂಬಾ ಎನ್ನುತ್ತಾಳೆ. ನಿನ್ನೆ ಮಧ್ಯಾಹ್ನ ಹೊಲಿಗೆಯಿಂದ ತಲೆಯೆತ್ತಿ ನೋಡಿದರೆ ಬಟ್ಟೆ ಮಾತ್ರ ಇತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು. "ಅಜ್ಜೀ, ಗಂಟು ಬಿಚ್ಚೋಕೆ ನಂಗೆ ಬಂತು!" ಎಂದಳು.

ಇಂತಿ,
ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಬಾಗಿಲ ಮೇಲೆ ಇಟ್ಟುಕೊಂಡು ಬದುಕುತ್ತಿರುವ
ತಿರುವಿನ ಮನೆಯ ಟೈಲರಮ್ಮ